ಜೊತೆಗಾರ ಕಣ ಸಿಗದಿದ್ದರೆ ಸೂಪರ್‌ಸಿಮ್ಮೆಟ್ರಿ ಸುಳ್ಳಾ?

ಪ್ರಶ್ನೆ: ಪ್ರತಿ ಕಣಕ್ಕೂ ಅಷ್ಟೇ ದ್ರವ್ಯರಾಶಿಯ ಜೊತೆಗಾರ ಕಣ ಇರಬೇಕು ಎನ್ನುತ್ತದೆ ಸೂಪರ್‌ಸಿಮ್ಮೆಟ್ರಿ. ಒಂದೂ ಸಿಕ್ಕಿಲ್ಲ. ಕೇಳಿದರೆ ‘ಸಿಮ್ಮೆಟ್ರಿ ಮುರಿದಿದೆ’, ಅಂದರೆ ಜೊತೆಗಾರರ ದ್ರವ್ಯರಾಶಿ ಈಗ ಸಮ ಇಲ್ಲ ಎನ್ನುತ್ತಾರೆ. ಇದು ಸುಮ್ನೆ ನೆಪ ಅಲ್ವಾ ಸರ್?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನೆಪ ಅಲ್ಲಮ್ಮ. ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ.

ಎಲೆಕ್ಟ್ರಾನಿನ ದ್ರವ್ಯರಾಶಿ 0.511 ಮೆಗಾ ಎಲೆಕ್ಟ್ರಾನ್‌ವೋಲ್ಟ್ (ಕಣಗಳ ದ್ರವ್ಯರಾಶಿಯನ್ನು ಹೇಳುವ ಮಾನ ಇದು). ಸಿಮ್ಮೆಟ್ರಿ ಮುರಿಯದೇ ಇದ್ದಿದ್ದರೆ ಅದರ ಜೊತೆಗಾರ ಸೆಲೆಕ್ಟ್ರಾನಿನದೂ ಅಷ್ಟೇ ಇರುತ್ತಿತ್ತು. ಅಷ್ಟು ಹಗುರವಾದ, ವಿದ್ಯುದಾವೇಶ ಇರುವ ಕಣ ಹಳೆಯ ಪ್ರಯೋಗಗಳಲ್ಲೇ ಸಿಕ್ಕಿಬೀಳುತ್ತಿತ್ತು. ಹಾಗಾಗಿ ಸೂಪರ್‌ಸಿಮ್ಮೆಟ್ರಿ ನಿಸರ್ಗದಲ್ಲಿ ಇದ್ದರೆ ಮುರಿದೇ ಇರಬೇಕು.

ಆದರೆ ಅದನ್ನು ಬೇಕಾದ ಹಾಗೆ ಮುರಿಯಲು ಬರುವುದಿಲ್ಲ. ನಮಗೆ ಗೊತ್ತಿರುವ ಕಣಗಳ ನಡುವೆಯೇ ನೇರವಾಗಿ ಮುರಿಯೋಣ ಎಂದರೆ, 1979ರಲ್ಲಿ ಭೌತವಿಜ್ಞಾನಿಗಳಾದ ಫೆರಾರ, ಜಿರಾರ್ಡೆಲ್ಲೊ, ಪಾಲುಂಬೊ ತೋರಿಸಿದ ಒಂದು ನಿಯಮ ಅಡ್ಡ ಬರುತ್ತದೆ. ಜೊತೆಗಾರ ಕಣಗಳಲ್ಲಿ ಕೆಲವು ಭಾರವಾದರೆ ಕೆಲವು ಹಗುರವಾಗಲೇಬೇಕು. ಆ ಹಗುರ ಕಣಗಳು ಎಂದೋ ಕಾಣಬೇಕಿತ್ತು. ಇಡೀ ವಿಷಯದ ತಿರುಳು ಇಲ್ಲೇ ಇದೆ ಎಂದು ನನಗನಿಸುತ್ತದೆ. ಮುರಿಯುವುದು ನಮಗೆ ಕಾಣದ ಬೇರೊಂದು ಕಣಗಳ ಗುಂಪಿನಲ್ಲಿ ಎಂದು ಭೌತವಿಜ್ಞಾನಿಗಳು ಹೇಳುವುದು ಇದಕ್ಕೇ.

ನಿಮ್ಮೂರ ಭತ್ತದ ಗದ್ದೆ ನೋಡಿ. ಮಳೆ ಬೀಳುವುದು ದೂರದ ಮಲೆನಾಡಿನಲ್ಲಿ, ನೀರು ತರುವುದು ತುಂಗಭದ್ರಾ ಎಡದಂಡೆ ಕಾಲುವೆ. ಯಾವ ಗದ್ದೆಗೆ ಎಷ್ಟು ನೀರು ಎಂಬುದು ಕಾಲುವೆಯ ಮೇಲೆ ನಿಂತಿದೆ. ಇಲ್ಲೂ ಆ ಕಾಣದ ಗುಂಪಿನಲ್ಲಿ ಮುರಿದದ್ದರ ಪರಿಣಾಮ ನಮ್ಮ ಕಣಗಳಿಗೆ ಯಾವ ದಾರಿಯಲ್ಲಿ ಬಂತು ಎಂಬುದೇ ಮುಖ್ಯ. ಗೇಜ್ ಬಲಗಳ (ವಿದ್ಯುತ್ಕಾಂತ ಬಲ, ಪರಮಾಣು ಬೀಜದೊಳಗಿನ ಬಲಗಳು) ಮೂಲಕ ಬಂದರೆ ಕ್ವಾರ್ಕುಗಳ ಜೊತೆಗಾರರಾದ ಸ್ಕ್ವಾರ್ಕುಗಳು ಜಾಸ್ತಿ ಭಾರ, ಸೆಲೆಕ್ಟ್ರಾನ್ ಕಡಿಮೆ ಭಾರ, ಸಾಮಾನ್ಯವಾಗಿ ಗುರುತ್ವದ ಕಣ ಗ್ರಾವಿಟಾನಿನ ಜೊತೆಗಾರ ಗ್ರಾವಿಟಿನೊ ಎಲ್ಲಕ್ಕಿಂತ ಹಗುರ. ಗುರುತ್ವದ ಮೂಲಕ ಬಂದರೆ ಚಿತ್ರವೇ ಬೇರೆ. ಅಂದರೆ ಪ್ರಯೋಗದಲ್ಲಿ ಒರೆಗೆ ಹಚ್ಚಬಹುದು.

ದಾರಿ ಯಾವುದೆಂದು ಹೇಳದೆ ಬಿಟ್ಟರೆ ಮಾತ್ರ ತೊಂದರೆ. ಅತಿ ಚಿಕ್ಕ ಮಾದರಿಯಲ್ಲೂ ಬೆಲೆ ಗೊತ್ತಿಲ್ಲದ ನೂರಕ್ಕೂ ಜಾಸ್ತಿ ಹೊಸ ಸಂಖ್ಯೆಗಳು ಸೇರಿಕೊಳ್ಳುತ್ತವೆ. ಅಷ್ಟಿದ್ದರೆ ಯಾವ ಫಲಿತಾಂಶಕ್ಕೂ ಹೊಂದಿಸಬಹುದು, ನಿಮ್ಮ ಆಕ್ಷೇಪ ಆಗ ನಿಜಕ್ಕೂ ತಾಗುತ್ತದೆ. ಕಣಗಳನ್ನು ಡಿಕ್ಕಿ ಹೊಡೆಸುವ ಜಿನೀವಾ ಬಳಿಯ ಎಲ್‌ಎಚ್‌ಸಿ ಯಂತ್ರ ಹಲವು ಮಾದರಿಗಳಲ್ಲಿ ಸುಮಾರು 2 ಟೆರಾ ಎಲೆಕ್ಟ್ರಾನ್‌ವೋಲ್ಟ್‌ವರೆಗೆ ಗ್ಲುಯಿನೊ (ಕ್ವಾರ್ಕುಗಳನ್ನು ಬೆಸೆಯುವ ಗ್ಲುಆನ್ ಕಣದ ಜೊತೆಗಾರ) ಇಲ್ಲ ಎಂದಿದೆ. 2012ರಲ್ಲಿ ಸಿಕ್ಕ ಹಿಗ್ಸ್ ಕಣ ಬರೀ 125 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಅದು ಯಾಕಿಷ್ಟು ಹಗುರ ಎಂಬುದಕ್ಕೆ ಸೂಪರ್‌ಸಿಮ್ಮೆಟ್ರಿಯ ಉತ್ತರ ಚೆನ್ನಾಗಿತ್ತು. ಜೊತೆಗಾರರು ಭಾರವಾದಷ್ಟೂ ಆ ಉತ್ತರ ಸೊರಗುತ್ತದೆ. ನನ್ನ ಚಿಂತೆ ಅದೇ.

ನೀವೇ ಲೆಕ್ಕ ಮಾಡಿ ನೋಡುವುದಾದರೆ ಭೌತವಿಜ್ಞಾನಿ ಒ’ರಾಫರ್ಟಿ ಅವರ 1975ರ ಮಾದರಿಯಿಂದ ಶುರು ಮಾಡಿ. ಮೂರೇ ಫೀಲ್ಡ್‌ಗಳು (ಕ್ಷೇತ್ರಗಳು). ಅದರ ಎರಡು ಸಮೀಕರಣಗಳು ಒಟ್ಟಿಗೆ ಸೊನ್ನೆಯಾಗಲಾರವು. ಹಾಗಾಗಿ ನಿರ್ವಾತದ ಶಕ್ತಿ ಸೊನ್ನೆಗಿಂತ ಮೇಲೆ ನಿಲ್ಲುತ್ತದೆ, ಸಿಮ್ಮೆಟ್ರಿ ಮುರಿಯುತ್ತದೆ. ಈ ಹೆಜ್ಜೆಗೆ ನಿಮ್ಮ ಬಿ.ಎಸ್ಸಿ. ಗಣಿತವೇ ಸಾಕು.