ಎಣ್ಣೆ ಡಬ್ಬಿಯಲ್ಲಿ ನೀರು ಎಲ್ಲಿಂದ ಬಂತು?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗ ನಿಜವಾದ ಹಬೆಯಿಂದ ಓಡುವ ಪುಟ್ಟ ರೈಲು ಇಂಜಿನ್ ತಂದುಕೊಟ್ಟಿದ್ದಾನೆ. 45 ಮಿ.ಮೀ. ಗೇಜು (ಹಳಿಗಳ ನಡುವಿನ ಅಂತರ), 1:32 ಅಳತೆ, ಬ್ಯೂಟೇನ್ ಗ್ಯಾಸಿನ ಬೆಂಕಿ. ಓಡಿಸಿ ನಿಲ್ಲಿಸಿದ ಮೇಲೆ ಲೂಬ್ರಿಕೇಟರ್, ಅಂದರೆ ಸಿಲಿಂಡರಿಗೆ ಎಣ್ಣೆ ಉಣಿಸುವ ಡಬ್ಬಿಯ ಮುಚ್ಚಳ ತೆಗೆದರೆ ಮುಕ್ಕಾಲು ಭಾಗ ನೀರು! ಬಾಯ್ಲರ್ ಸೋರುತ್ತಿದೆಯೇ? ಎಣ್ಣೆ ಮುಗಿದಾಗ ಬೈಕಿನ ಎಣ್ಣೆ ಹಾಕಬಹುದೇ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಬಾಯ್ಲರ್‌ಗೆ ಏನೂ ಆಗಿಲ್ಲ ಸ್ವಾಮಿ. ನೀರು ಇರದಿದ್ದರೇ ನೀವು ಗಾಬರಿಯಾಗಬೇಕಿತ್ತು.

ಸಿಲಿಂಡರಿಗೆ ಹೋಗುವ ಹಬೆಯ ಕೊಳವೆಗೂ ಆ ಎಣ್ಣೆ ಡಬ್ಬಿಗೂ ನಡುವೆ ತುಂಬ ಸಣ್ಣ ತೂತು ಇರುತ್ತದೆ. ಅದರಿಂದ ಒಂದಿಷ್ಟು ಹಬೆ ಡಬ್ಬಿಯೊಳಗೆ ನುಗ್ಗುತ್ತದೆ, ತಣ್ಣಗಾಗಿ ನೀರಾಗುತ್ತದೆ. ನೀರು ಎಣ್ಣೆಗಿಂತ ಭಾರ, ಅಡಿಗೆ ಇಳಿಯುತ್ತದೆ. ಮೇಲಿನ ಎಣ್ಣೆಗೆ ಜಾಗ ಸಾಲದೆ ಅದೇ ತೂತಿನಿಂದ ಹೊರಬಿದ್ದು ಹಬೆಯ ಜೊತೆ ಸಿಲಿಂಡರ್ ಸೇರುತ್ತದೆ. ಪಂಪಿಲ್ಲ, ಸ್ಪ್ರಿಂಗಿಲ್ಲ. ಡಬ್ಬಿಯಲ್ಲಿ ಎಷ್ಟು ನೀರು ಕೂತಿದೆಯೋ ಅಷ್ಟು ಎಣ್ಣೆ ಸಿಲಿಂಡರಿಗೆ ಹೋಗಿದೆ ಅಂತ ಲೆಕ್ಕ. ದೊಡ್ಡ ಇಂಜಿನ್‌ಗಳಲ್ಲೂ ಈ ಉಪಾಯ ಇತ್ತು. ಡ್ರೈವರ್ ಎದುರಿನ ಗಾಜಿನ ಕೊಳವೆಯಲ್ಲಿ, ನೀರಿನ ನಡುವೆ ಎಣ್ಣೆ ಹನಿಹನಿಯಾಗಿ ಮೇಲೇರುವುದು ಕಾಣುತ್ತಿತ್ತು.

ನನಗೆ ಇದರಲ್ಲಿ ತಮಾಷೆ ಅನ್ನಿಸುವುದೇ ಬೇರೆ. ಇಂಜಿನನ್ನು 32ನೇ ಒಂದು ಪಾಲಿಗೆ ಇಳಿಸಿದರೆ ಮೈಯ ವಿಸ್ತಾರ 1,024ನೇ ಒಂದು ಪಾಲಾಗುತ್ತದೆ, ಒಳಗೆ ಹಿಡಿಸುವ ಹಬೆ ಮಾತ್ರ 32,768ನೇ ಒಂದು ಪಾಲು. ಅಂದರೆ ಹಬೆಯ ಪಾಲಿಗೆ ತಣ್ಣನೆಯ ಗೋಡೆ 32 ಪಟ್ಟು ಜಾಸ್ತಿ. ಪುಟ್ಟ ಇಂಜಿನ್‌ಗೆ ಇದು ದೊಡ್ಡ ಕಾಟ. ಆದರೆ ಹಬೆ ಹೀಗೆ ಬೇಗ ತಣ್ಣಗಾಗುವುದರಿಂದಲೇ ನಿಮ್ಮ ಎಣ್ಣೆ ಡಬ್ಬಿಯ ಕೆಲಸ ನಡೆಯುತ್ತಿದೆ, ಅಲ್ವಾ? ಹಾರ್ನ್‌ಬಿ ಕಂಪನಿ 2003ರಲ್ಲಿ ಹೊರತಂದ 16.5 ಮಿ.ಮೀ. ಗೇಜಿನ ಮಲಾರ್ಡ್ ಎಂಬ ಹಬೆಯ ಆಟಿಕೆ ಇಂಜಿನ್ ಇನ್ನೂ ಸಣ್ಣದು. ಅದರ ಬಾಯ್ಲರ್ ಇಂಜಿನ್ ಹಿಂದಿನ ಟೆಂಡರ್ ಗಾಡಿಯಲ್ಲಿದೆ, ಹಳಿಯಿಂದ ಬರುವ ಕರೆಂಟಿನಲ್ಲಿ ನೀರು ಕಾಯುತ್ತದೆ.

ಬೈಕಿನ ಎಣ್ಣೆ ಖಂಡಿತ ಬೇಡ. 40 ಪಿಎಸ್ಐ ಒತ್ತಡದಲ್ಲಿ ಹಬೆಯ ಬಿಸಿ ಸುಮಾರು 141 ಡಿಗ್ರಿ ಸೆಲ್ಸಿಯಸ್. ಆ ಬಿಸಿಗೆ ತೆಳ್ಳಗಾಗಿ, ಒದ್ದೆ ಹಬೆಯಲ್ಲಿ ಕೊಚ್ಚಿಹೋಗುತ್ತದೆ. ಮೇಲಾಗಿ ಅದರಲ್ಲಿ ಕೊಳೆ ಬಿಡಿಸುವ ರಾಸಾಯನಿಕಗಳಿರುತ್ತವೆ. ನೀರಿನ ಜೊತೆ ಕಲೆತು ಬೆಳ್ಳಗಿನ ಗಂಜಿಯಾಗಿಬಿಡುತ್ತದೆ. ಸ್ಟೀಮ್ ಆಯಿಲ್ ಅಂತಲೇ ಕೇಳಿ ತರಿಸಿ. 460 ದರ್ಜೆಯದು (ಎಣ್ಣೆ ಎಷ್ಟು ಮಂದ ಅನ್ನುವ ಅಳತೆ ಇದು) ಸಾಮಾನ್ಯವಾಗಿ ನಡೆಯುತ್ತದೆ. ಮಗನಿಗೆ ಹೇಳಿದರೆ ಒಂದು ಬಾಟಲಿ ತಂದಾನು.

ಒತ್ತಡ ಪೂರ್ತಿ ಸೊನ್ನೆಗೆ ಇಳಿಯುವ ತನಕ ಆ ಮುಚ್ಚಳ ಮುಟ್ಟಬೇಡಿ. ಕುದಿಯುವ ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ಇಳಿದ ಮೇಲೆ ಸಿರಿಂಜ್‌ನಿಂದ ನೀರು ಎಳೆದು ತೆಗೆದು, ಹೊಸ ಎಣ್ಣೆ ತುಂಬಿ. ಯಾವತ್ತಾದರೂ ಓಡಿಸಿದ ಮೇಲೂ ನೀರೇ ಸೇರಿಲ್ಲ, ಹಾಕಿದ ಎಣ್ಣೆ ಹಾಗೇ ಇದೆ ಅಂದರೆ ತೂತು ಕಟ್ಟಿಕೊಂಡಿದೆ. ಅದನ್ನು ಬಿಡಿಸುವ ತನಕ ಇಂಜಿನ್ ಓಡಿಸಬೇಡಿ. ಇನ್ನು, ಶುರುವಿನಲ್ಲಿ ಚಿಮಣಿಯಿಂದ ನೀರು, ಎಣ್ಣೆ ಪಿಚಕ್ಕನೆ ಹಾರುವುದು ಸಹಜ. ಬಿಳಿ ಪಂಚೆ ಉಟ್ಟು ಹತ್ತಿರ ಹೋಗಬೇಡಿ.