ಉಷ್ಣವಲಯದ ದ್ವೀಪದ ಸೆಕೆಯಲ್ಲಿ ಮನೆಯಲ್ಲೇ ಬ್ರೆಡ್, ಕೇಕ್ ಮಾಡಲು ಆಗುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಗಂಡ, ಇಬ್ಬರು ಮಕ್ಕಳ ಜೊತೆ ಉಷ್ಣವಲಯದ ದ್ವೀಪಕ್ಕೆ ಬಂದು ನೆಲೆಸಿದ್ದೀರಿ. ವರ್ಷಗಳಿಂದ ಸಲೀಸಾಗಿ ಮಾಡುತ್ತಿದ್ದ ಬ್ರೆಡ್ ಈಗ ಉಬ್ಬಿ ಕುಸಿಯುತ್ತದೆ, ಹುಳಿ ವಾಸನೆ ಹೊಡೆಯುತ್ತದೆ. ಕೇಕ್ ಜಿಡ್ಡು ಜಿಡ್ಡು. ಬಿಸ್ಕತ್ತು ಸಂಜೆಯೊಳಗೆ ಮೆತ್ತಗೆ. ಉಳಿದ ಬ್ರೆಡ್‌ಗೆ ಎರಡನೇ ದಿನವೇ ಬೂಷ್ಟು. ಓವನ್ ಮಾರಿಬಿಡಲೇ ಎಂದು ಕೇಳಿದ್ದೀರಿ.

ಮಾರಬೇಡಿ. ನಿಮ್ಮ ಕೈಗುಣ ಎಲ್ಲೂ ಹೋಗಿಲ್ಲ. ನೀವು ನೋಡಿಕೊಂಡು ಮಾಡುವ ಪಾಕವಿಧಾನಗಳಲ್ಲಿ ಹೆಚ್ಚಿನವು 20ರಿಂದ 22 ಡಿಗ್ರಿ ಇರುವ ಅಡುಗೆಮನೆಗಾಗಿ ಬರೆದಂಥವು. ನಿಮ್ಮ ಅಡುಗೆಮನೆ ಮಧ್ಯಾಹ್ನದ ಹೊತ್ತಿಗೆ 31 ಡಿಗ್ರಿ, ಗಾಳಿಯಲ್ಲಿ ತೇವಾಂಶ ಶೇಕಡಾ 80ರ ಆಚೀಚೆ. ‘ಒಂದು ಗಂಟೆ ಬಿಡಿ’, ‘ಬೆಣ್ಣೆ ಕೋಣೆಯ ಉಷ್ಣತೆಗೆ ಬರಲಿ’ ಎಂಬ ಮಾತುಗಳಿಗೆ ಅಲ್ಲಿ ಅರ್ಥವೇ ಬೇರೆ. ಹಾಗಾಗಿ ನಾನು ಹೇಳುವುದು ಒಂದೇ: ಗಡಿಯಾರ ಬಿಟ್ಟು ಥರ್ಮಾಮೀಟರ್ ನೋಡಿ. ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಮತ್ತು ಗ್ರಾಮ್ ತೋರಿಸುವ ತಕ್ಕಡಿ, ಇವೆರಡು ಇಲ್ಲದಿದ್ದರೆ ಮೊದಲು ಅವನ್ನು ತರಿಸಿಕೊಳ್ಳಿ.

ಬ್ರೆಡ್‌ನಿಂದ ಶುರು ಮಾಡೋಣ, ಏಕೆಂದರೆ ಸೆಕೆಯ ಪೆಟ್ಟು ಮೊದಲು ಬೀಳುವುದು ಅದಕ್ಕೇ. ನಾದಿ ಮುಗಿಸಿದಾಗ ಹಿಟ್ಟಿನ ಉಂಡೆಯ ಒಳಗಿನ ಉಷ್ಣತೆ 25 ಡಿಗ್ರಿ ಇರಬೇಕು. ಕಣಕ ಸುಮಾರು 8ರಿಂದ 10 ಡಿಗ್ರಿ ಬಿಸಿಯಾದರೆ ಯೀಸ್ಟ್‌ನ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅಂದರೆ 33 ಡಿಗ್ರಿಯ ಕಣಕ, ಪಾಕವಿಧಾನ ಹೇಳಿದ ಸಮಯದ ಅರ್ಧಕ್ಕೇ ಉಬ್ಬಿ ನಿಂತಿರುತ್ತದೆ. ಉಳಿದರ್ಧ ಸಮಯ ಅದು ಹುಳಿಯುತ್ತಾ, ಒಳಗೆ ಗಾಳಿಯನ್ನು ಹಿಡಿದಿಡುವ ಅಂಟಿನ ಜಾಲ ಸಡಿಲವಾಗುತ್ತಾ ಕೂತಿರುತ್ತದೆ. ನಿಮ್ಮ ಬ್ರೆಡ್ ಓವನ್‌ನಲ್ಲಿ ಕುಸಿಯುತ್ತಿರುವುದು ಅದಕ್ಕೇ.

25 ಡಿಗ್ರಿಗೆ ತರಲು ನಮ್ಮ ಕೈಯಲ್ಲಿರುವುದು ನೀರು. ಲೆಕ್ಕ ಸುಲಭ. 25ನ್ನು ಮೂರರಿಂದ ಗುಣಿಸಿ, 75. ಅದರಿಂದ ಕೋಣೆಯ ಉಷ್ಣತೆ, ಹಿಟ್ಟಿನ ಉಷ್ಣತೆ, ನಾದುವಾಗ ಹುಟ್ಟುವ ಬಿಸಿ ಮೂರನ್ನೂ ಕಳೆಯಿರಿ. ಕೋಣೆ 31, ಹಿಟ್ಟು 30, ಕೈಯಲ್ಲಿ ನಾದಿದರೆ 2 ಎಂದಿಟ್ಟುಕೊಳ್ಳಿ. ಉಳಿಯುವುದು 12. ನೀರು 12 ಡಿಗ್ರಿ ಇರಬೇಕು. ಮಿಕ್ಸರ್‌ನಲ್ಲಿ ನಾದಿದರೆ 2ರ ಬದಲು 11 ಹಿಡಿಯಿರಿ, ಆಗ ನೀರು 3 ಡಿಗ್ರಿಗೆ ಇಳಿಯಬೇಕು. ನಲ್ಲಿ ನೀರು 30 ಡಿಗ್ರಿ ಇದ್ದರೆ, 300 ಗ್ರಾಂ ನೀರಿನಲ್ಲಿ 50 ಗ್ರಾಂ ಮಂಜುಗಡ್ಡೆ ಹಾಕಿದರೆ ಅದು ಕರಗಿ 12 ಡಿಗ್ರಿಗೆ ಬರುತ್ತದೆ. 75 ಗ್ರಾಂ ಹಾಕಿದರೆ 3 ಡಿಗ್ರಿಯ ಹತ್ತಿರ. ಈ ಮಂಜುಗಡ್ಡೆಯ ತೂಕ ಆ 300 ಗ್ರಾಂನ ಒಳಗೇ ಸೇರಿರಬೇಕು, ಮೇಲಿನಿಂದ ಸೇರಿಸುವುದಲ್ಲ. ಪೂರ್ತಿ ಕರಗಿದ ಮೇಲೆ ಬಳಸಿ. ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಇನ್ನೂ ಬಿಸಿ ಇರುತ್ತದೆ, ಅದನ್ನು ನೇರ ಬಳಸಬೇಡಿ.

ಇದೆಲ್ಲ ಗೋಜಲು ಅನಿಸಿದರೆ ಹಿಟ್ಟನ್ನೇ ಹಿಂದಿನ ರಾತ್ರಿ ಫ್ರಿಜ್‌ನಲ್ಲಿಡಿ. ಹಿಟ್ಟು 8 ಡಿಗ್ರಿ ಇದ್ದರೆ ಕೈಯಲ್ಲಿ ನಾದಲು ಮಾಮೂಲಿ ನೀರೇ ಸಾಕು. ಲೆಕ್ಕ ನೀವೇ ಹಾಕಿ ನೋಡಿ.

ಒಂದು ಬ್ರೆಡ್‌ಗೆ ನಾನು ಹಿಡಿಯುವ ಪ್ರಮಾಣ ಇದು: ಮೈದಾ 500 ಗ್ರಾಂ, ನೀರು 300 ಗ್ರಾಂ, ಉಪ್ಪು 10 ಗ್ರಾಂ, ಸಕ್ಕರೆ 15 ಗ್ರಾಂ, ಎಣ್ಣೆ 20 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 3 ಗ್ರಾಂ. ತಣ್ಣನೆಯ ಊರಿನ ಪಾಕವಿಧಾನ 7 ಗ್ರಾಂ ಯೀಸ್ಟ್ ಹೇಳುತ್ತದೆ; ನಿಮ್ಮ ದ್ವೀಪದಲ್ಲಿ ಅಷ್ಟು ಬೇಡ. ಉಪ್ಪು ಮಾತ್ರ ಕಡಿಮೆ ಮಾಡಬೇಡಿ, ಯೀಸ್ಟ್‌ನ ಓಟಕ್ಕೆ ಕಡಿವಾಣ ಅದೇ. 300 ಗ್ರಾಂ ನೀರಿನಲ್ಲಿ 20 ಗ್ರಾಂ ಪಕ್ಕಕ್ಕಿಟ್ಟು ಕಲಸಲು ಶುರು ಮಾಡಿ. ತೆರೆದಿಟ್ಟ ಹಿಟ್ಟು ಗಾಳಿಯ ತೇವವನ್ನು ಮೊದಲೇ ಕುಡಿದಿರುತ್ತದೆ, ಮಳೆಗಾಲದಲ್ಲಂತೂ ಆ 20 ಗ್ರಾಂ ಎಷ್ಟೋ ಸಲ ಬೇಕಾಗುವುದೇ ಇಲ್ಲ. ಮಳೆನೀರು ಹಿಡಿದು ಬಳಸುವ ಮನೆಯಾದರೆ ಇನ್ನೊಂದು ವಿಷಯ: ಅದು ಖನಿಜಗಳಿಲ್ಲದ ಮೆದು ನೀರು, ಕಣಕ ಅಂಟಂಟಾಗಿ ಜೋಲುತ್ತದೆ. ಆಗ ಒಣ ಹಿಟ್ಟು ಉದುರಿಸುತ್ತಾ ಹೋಗಬೇಡಿ, ಮುಂದಿನ ಸಲ ನೀರನ್ನು ಇನ್ನೂ 10 ಗ್ರಾಂ ಇಳಿಸಿ.

ಉಬ್ಬಿದ್ದು ಗೊತ್ತಾಗುವುದು ಹೇಗೆ? ನೇರ ಗೋಡೆಯ ಗಾಜಿನ ಜಾಡಿಯಲ್ಲಿ ಕಣಕ ಹಾಕಿ, ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ಎರಡರಷ್ಟು ಎತ್ತರಕ್ಕೆ ಬಂತೆಂದರೆ ಮುಗಿಯಿತು, 50 ನಿಮಿಷವಾದರೂ ಸರಿ, 90 ಆದರೂ ಸರಿ. ಇದನ್ನು ಕಾಯುವ ಕೆಲಸ ಮಕ್ಕಳಿಗೆ ವಹಿಸಿ, ನಿಮಗಿಂತ ಚೆನ್ನಾಗಿ ಕಾಯುತ್ತಾರೆ. ಎರಡನೇ ಉಬ್ಬು ಟಿನ್ನಿನೊಳಗೆ. ಹಿಟ್ಟು ಸವರಿದ ಬೆರಳಿನಿಂದ ಅರ್ಧ ಇಂಚು ಒತ್ತಿ ನೋಡಿ. ಗುಳಿ ತಟ್ಟನೆ ಮುಚ್ಚಿಕೊಂಡರೆ ಇನ್ನೂ ಸಮಯವಿದೆ. ನಿಧಾನವಾಗಿ ಎದ್ದು ಅರ್ಧಕ್ಕೆ ನಿಂತರೆ ಅದೇ ಹದ. ಗುಳಿ ಗುಳಿಯಾಗಿಯೇ ಉಳಿದರೆ ಮೀರಿಹೋಗಿದೆ. ಆಗ ಓವನ್‌ಗೆ ತಳ್ಳಬೇಡಿ, ಹೊರತೆಗೆದು ಮತ್ತೆ ಮಡಚಿ ಟಿನ್ನಿಗೆ ಹಾಕಿ. ಒಂದು ಸಲ ಈ ತಪ್ಪನ್ನು ಕಣಕ ಕ್ಷಮಿಸುತ್ತದೆ. ಓವನ್ ಮಾತ್ರ ಮೊದಲೇ ಕಾದಿರಲಿ. ಹದ ಬಂದ ಮೇಲೆ ಓವನ್ ಹಚ್ಚಿದರೆ ಅದು ಕಾಯುವ ಹದಿನೈದು ನಿಮಿಷದಲ್ಲೇ ಹದ ಮೀರುತ್ತದೆ. 190 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ನಡುವೆ ಚುಚ್ಚಿದಾಗ 95 ಡಿಗ್ರಿ ತೋರಿಸಬೇಕು.

ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಕಳಿಸುವ ಮನೆಗೆ ನಿಜವಾಗಿ ಒಗ್ಗುವುದು ಫ್ರಿಜ್ ದಾರಿ. ಯೀಸ್ಟ್ 2 ಗ್ರಾಂಗೆ ಇಳಿಸಿ, ರಾತ್ರಿ ಊಟವಾದ ಮೇಲೆ ನಾದಿ, ಅರ್ಧ ಗಂಟೆ ಹೊರಗಿಟ್ಟು ಫ್ರಿಜ್‌ಗೆ ಸೇರಿಸಿ. ಉಂಡೆಯಾಗಿ ಇಡಬೇಡಿ, ಅಗಲ ಡಬ್ಬಿಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ ಮುಚ್ಚಿ. ಉಂಡೆಯ ಹೊಟ್ಟೆಯೊಳಗಿನ ಬಿಸಿ ಆರಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಒಳಗೊಳಗೇ ಹುಳಿಯುತ್ತದೆ. ನಸುಕಿನಲ್ಲಿ ತೆಗೆದು ಆಕಾರ ಕೊಟ್ಟು ಟಿನ್ನಿಗೆ ಹಾಕಿದರೆ ಒಂದರಿಂದ ಒಂದೂವರೆ ಗಂಟೆಯಲ್ಲಿ ಹದಕ್ಕೆ ಬರುತ್ತದೆ. ಓವನ್ ಹಚ್ಚಲೂ ಅದೇ ಸರಿಯಾದ ಹೊತ್ತು, ಬಿಸಿಲೇರುವ ಮುಂಚೆ ಅಡುಗೆಮನೆ ಮತ್ತೆ ತಣ್ಣಗಾಗಿರುತ್ತದೆ.

ಈಗ ಬೂಷ್ಟಿನ ಮಾತು. ಅದರ ಜೊತೆಗೆ ಅದಕ್ಕಿಂತ ಕೆಟ್ಟದ್ದೊಂದಿದೆ, ಅದನ್ನು ನೀವು ಗುರುತಿಸಲೇಬೇಕು. ಎರಡನೇ ದಿನ ಬ್ರೆಡ್ ಕೊಯ್ದಾಗ ಹೊರಗೆ ಏನೂ ಕಾಣದೆ, ನಡುಭಾಗ ಮಾತ್ರ ಕಂದುಬಣ್ಣಕ್ಕೆ ತಿರುಗಿ ಅಂಟಾಗಿದ್ದು, ಎರಡು ತುಂಡು ಎಳೆದರೆ ಜೇಡರ ನೂಲಿನಂಥ ಎಳೆ ಬಂದು, ಅತಿಯಾಗಿ ಹಣ್ಣಾದ ಅನಾನಸಿನ ವಾಸನೆ ಬಂದರೆ ಅದು ಬೂಷ್ಟಲ್ಲ. ಬೇಕರಿಯವರು ಅದನ್ನು ‘ರೋಪ್’ ಅನ್ನುತ್ತಾರೆ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಮಾಡುವ ಕೆಲಸ. ಇದರ ಬೀಜಕಣಗಳು ಹಿಟ್ಟಿನಲ್ಲೇ ಇರುತ್ತವೆ. ಬ್ರೆಡ್‌ನ ಒಳಭಾಗ 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಓವನ್‌ನಲ್ಲೂ ಸಾಯುವುದಿಲ್ಲ. ಆಮೇಲೆ ಬೆಚ್ಚಗೆ, ತೇವವಾಗಿ ಇಟ್ಟರೆ ಎಚ್ಚರಗೊಳ್ಳುತ್ತವೆ. ಅಂಥ ಬ್ರೆಡ್ ಪೂರ್ತಿ ಎಸೆಯಿರಿ, ಕೋಳಿಗೂ ಹಾಕಬೇಡಿ. ಹಲಗೆ, ಚಾಕು, ಡಬ್ಬಿ ಎಲ್ಲವನ್ನೂ ತೊಳೆದು ವಿನೆಗರ್‌ನಲ್ಲಿ ಒರೆಸಿ.

ತಡೆಯುವ ಉಪಾಯವೂ ವಿನೆಗರ್‌ನದೇ. ಈ ಬ್ಯಾಕ್ಟೀರಿಯಾಕ್ಕೆ ಹುಳಿ ಆಗದು. 500 ಗ್ರಾಂ ಮೈದಾಕ್ಕೆ ಎರಡು ಟೀ ಚಮಚ ವಿನೆಗರ್ ಸೇರಿಸಿ, ಅಷ್ಟು ನೀರು ಕಡಿಮೆ ಮಾಡಿ. ಅಷ್ಟರಿಂದ ರುಚಿ ಕೆಡುವುದಿಲ್ಲ. ಹುಳಿ ಹುದುಗಿನಿಂದ ಮಾಡಿದ ಬ್ರೆಡ್‌ಗೆ ಈ ಕಾಟ ಕಡಿಮೆ ಇರುವುದೂ ಇದೇ ಕಾರಣಕ್ಕೆ. ಬೆಂದ ಬ್ರೆಡ್ಡನ್ನು ತಕ್ಷಣ ಟಿನ್ನಿನಿಂದ ತೆಗೆದು, ತಂತಿ ಜಾಲರಿಯ ಮೇಲೆ ಎರಡರಿಂದ ಮೂರು ಗಂಟೆ ಪೂರ್ತಿ ಆರಲು ಬಿಡಿ. ಉಗುರುಬೆಚ್ಚಗಿರುವಾಗ ಚೀಲಕ್ಕೆ ಹಾಕಿದರೆ ಒಳಗೆ ಹನಿಗಟ್ಟುವ ನೀರೇ ಬೂಷ್ಟಿಗೂ ರೋಪ್‌ಗೂ ಊಟ. ಆರಿದ ಮೇಲೆ ಅಂದಿಗೆ, ನಾಳೆಗೆ ಬೇಕಾದಷ್ಟು ಹೊರಗಿಟ್ಟು ಉಳಿದದ್ದನ್ನು ಹೋಳು ಮಾಡಿ ಫ್ರೀಜರ್‌ಗೆ ಹಾಕಿ. ಫ್ರಿಜ್‌ನಲ್ಲಿ ಬೇಡ, 4 ಡಿಗ್ರಿಯ ಸುತ್ತ ಪಿಷ್ಟ ಬೇಗ ಗಟ್ಟಿಯಾಗಿ ಬ್ರೆಡ್ ಒಂದೇ ದಿನಕ್ಕೆ ಹಳಸಲಿನಂತಾಗುತ್ತದೆ. ಫ್ರೀಜರ್‌ನ ಹೋಳು ನೇರ ಟೋಸ್ಟರ್‌ಗೆ ಹಾಕಿದರೆ ಹೊಸದರ ಹಾಗೇ ಇರುತ್ತದೆ.

ಕೇಕ್ ಜಿಡ್ಡಾಗುವುದು ಬೆಣ್ಣೆಯಿಂದ. ಬೆಣ್ಣೆ, ಸಕ್ಕರೆ ಕಡೆಯುವಾಗ ಗಾಳಿ ಹಿಡಿದು ನಿಲ್ಲುವುದು ಬೆಣ್ಣೆ 18ರಿಂದ 20 ಡಿಗ್ರಿ ಇದ್ದಾಗ. 30ರಲ್ಲಿ ಅದು ಅರ್ಧ ಎಣ್ಣೆ, ಗಾಳಿ ನಿಲ್ಲದೆ ಕೇಕ್ ಹಿಂಡಿಯಂತೆ ಬಿಗಿಯುತ್ತದೆ. ಫ್ರಿಜ್‌ನಿಂದ ತೆಗೆದು ಸಣ್ಣ ತುಂಡು ಮಾಡಿ ಐದರಿಂದ ಹತ್ತು ನಿಮಿಷಕ್ಕೆ ಕಡೆಯಲು ಶುರು ಮಾಡಿ. ಸ್ಟೀಲ್ ಪಾತ್ರೆಯನ್ನೂ ತಣ್ಣಗಾಗಿಸಿಟ್ಟಿರಿ. ಮಿಶ್ರಣ ಮಸುಕಾಗಿ, ಬೆಳ್ಳಗೆ, ನೊರೆನೊರೆಯಾಗಿ ಕಾಣುತ್ತಿದ್ದರೆ ಸರಿ; ಮೇಲೆ ಹೊಳಪು ಬಂದ ಕ್ಷಣ ನಿಲ್ಲಿಸಿ ಪಾತ್ರೆ ಸಮೇತ ಹತ್ತು ನಿಮಿಷ ಫ್ರಿಜ್‌ಗೆ.

ದಿನಬಳಕೆಗೆ ನನ್ನ ಸಲಹೆ ಎಣ್ಣೆ ಕೇಕ್. ಮೈದಾ 200 ಗ್ರಾಂ, ಬೇಕಿಂಗ್ ಪೌಡರ್ 2 ಟೀ ಚಮಚ, ಕಾಲು ಟೀ ಚಮಚ ಉಪ್ಪು ಜರಡಿ ಹಿಡಿದಿಡಿ. 3 ಮೊಟ್ಟೆ, 180 ಗ್ರಾಂ ಸಕ್ಕರೆ ಸೇರಿಸಿ ನೊರೆ ಬರುವವರೆಗೆ ಕಡೆದು, 120 ಮಿಲಿಲೀಟರ್ ಎಣ್ಣೆ, ಅಷ್ಟೇ ಹಾಲು ಅಥವಾ ತೆಂಗಿನ ಹಾಲು ಬೆರೆಸಿ, ಕೊನೆಗೆ ಹಿಟ್ಟು ಸೇರಿಸಿ. 20 ಸೆಂಟಿಮೀಟರ್ ಟಿನ್ನಿನಲ್ಲಿ 170 ಡಿಗ್ರಿಗೆ 35ರಿಂದ 40 ನಿಮಿಷ. ಬೆಣ್ಣೆಯ ಪಾಕವಿಧಾನಕ್ಕೆ ತೆಂಗಿನೆಣ್ಣೆ ಹಾಕುವುದಾದರೆ 100 ಗ್ರಾಂ ಬೆಣ್ಣೆಗೆ 80 ಗ್ರಾಂ ಎಣ್ಣೆ, 15 ಗ್ರಾಂ ಹಾಲು. ಬೆಣ್ಣೆಯಲ್ಲಿ ನೀರೂ ಇರುತ್ತದಲ್ಲ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಫ್ರಿಜ್‌ನಿಂದ ತೆಗೆದ ಹಾಲು, ಮೊಟ್ಟೆಗೆ ಸುರಿದರೆ ಹರಳು ಹರಳಾಗುತ್ತದೆ. ಅದಕ್ಕೆ ಮಾತ್ರ ಇವೆಲ್ಲ ಕೋಣೆಯ ಉಷ್ಣತೆಯಲ್ಲಿರಲಿ.

ಹುಟ್ಟುಹಬ್ಬಕ್ಕೆ ಬೆಣ್ಣೆ ಕ್ರೀಮ್ ಹಚ್ಚಿ ಹೊರಗಿಡುವ ಆಸೆ ಬಿಡಿ. ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್, ಹಚ್ಚಿ: 100 ಗ್ರಾಂ ಕ್ರೀಮಿಗೆ ಸಾಮಾನ್ಯವಾಗಿ 200 ಗ್ರಾಂ ಕಪ್ಪು ಚಾಕೊಲೇಟ್ ಹಾಕುವ ಕಡೆ 250ರಿಂದ 300 ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಹಸಿ ಕ್ರೀಮ್, ಕಸ್ಟರ್ಡ್ ಇರುವ ಯಾವುದನ್ನೂ ಆ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ, ಮಕ್ಕಳಿರುವ ಮನೆ.

ಸಾಮಾನಿನ ವಿಷಯ. ಹಡಗು ತಡವಾದರೆ ಅಂಗಡಿ ಖಾಲಿ ಎಂದು ಎಲ್ಲರೂ ಹಿಟ್ಟು ತಂದು ತುಂಬಿಸುತ್ತಾರೆ, ಹುಳ ಹಿಡಿಯುವುದು ಅಲ್ಲೇ. ತಂದ ಹಿಟ್ಟನ್ನು ಗಾಳಿಯಾಡದಂತೆ ಕಟ್ಟಿ ನಾಲ್ಕು ದಿನ ಫ್ರೀಜರ್‌ನಲ್ಲಿಡಿ, ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬೇಡಿ. ತಣ್ಣನೆಯ ಹಿಟ್ಟಿನ ಮೇಲೆ ಗಾಳಿಯ ನೀರು ಕೂತು ಗಂಟುಗಟ್ಟುತ್ತದೆ. ಯೀಸ್ಟ್ ಯಾವಾಗಲೂ ಫ್ರೀಜರ್‌ನಲ್ಲಿ. ಬೇಕಿಂಗ್ ಪೌಡರ್ ಸಣ್ಣ ಡಬ್ಬಿಯದೇ ಕೊಳ್ಳಿ, ತೇವಕ್ಕೆ ಅದು ಡಬ್ಬಿಯಲ್ಲೇ ಕೆಲಸ ಮುಗಿಸಿಬಿಡುತ್ತದೆ. ಅರ್ಧ ಟೀ ಚಮಚ ಪುಡಿಗೆ ಬಿಸಿನೀರು ಹಾಕಿದಾಗ ಬುಸ್ಸೆಂದು ನೊರೆ ಬರದಿದ್ದರೆ ಎಸೆಯಿರಿ. ಅದು ಸಿಗದ ದಿನ, ಒಂದು ಟೀ ಚಮಚದ ಬದಲಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ವಿನೆಗರ್. ಹಿಟ್ಟು ಕಲಸಿದ ಕೂಡಲೇ ಓವನ್‌ಗೆ ಹೋಗಬೇಕು.

ಉಪ್ಪುಗಾಳಿಗೆ ಟಿನ್ನುಗಳು ವಾರದಲ್ಲೇ ತುಕ್ಕು ಹಿಡಿಯುತ್ತವೆ. ಅಲ್ಯೂಮಿನಿಯಂನವು ವಾಸಿ. ತವರದವೇ ಇದ್ದರೆ ತೊಳೆದು ಒರೆಸಿ, ಆರಿಸಿದ ಓವನ್‌ನ ಉಳಿದ ಬಿಸಿಯಲ್ಲಿ ಒಣಗಿಸಿ ಎಣ್ಣೆ ಸವರಿಡಿ. ಬೇಯುವಾಗ ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಮೇಲ್ಮೈ ಗಟ್ಟಿಯಾದ ಕೇಕ್ ಉಳಿದ ಬಿಸಿಯಲ್ಲೇ ಬಹುಪಾಲು ಬೇಯುತ್ತದೆ. ಕರೆಂಟ್ ಬಂದ ಮೇಲೆ ಕಡ್ಡಿ ಚುಚ್ಚಿ ನೋಡಿ ಮುಂದುವರಿಸಿ.

ಬಿಸ್ಕತ್ತಿನದು ಚಿಕ್ಕ ಮಾತು. ಸಕ್ಕರೆ ಗಾಳಿಯ ನೀರನ್ನು ಎಳೆಯುತ್ತದೆ, ಇದನ್ನು ಗೆಲ್ಲಲಾಗದು. ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಚಿಕ್ಕವು ಇರಲಿ, ಪ್ರತಿ ಸಲ ತೆರೆದಾಗ ಎಲ್ಲವೂ ತೇವ ಕುಡಿಯುವುದಿಲ್ಲ. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಐದರಿಂದ ಎಂಟು ನಿಮಿಷ ಬಿಸಿ ಮಾಡಿ ಆರಿಸಿದರೆ ಮತ್ತೆ ಗರಿಗರಿ. ಅದಕ್ಕಿಂತ ಒಳ್ಳೆಯದು, ಒಮ್ಮೆಗೇ ಎಲ್ಲ ಬೇಯಿಸದಿರುವುದು. ಕಣಕವನ್ನು ಉದ್ದ ಸುರುಳಿ ಮಾಡಿ ಕಾಗದದಲ್ಲಿ ಸುತ್ತಿ ಫ್ರೀಜರ್‌ನಲ್ಲಿಡಿ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಎಂಟು ಬಿಲ್ಲೆ ಕೊಯ್ದು, ಗಟ್ಟಿಯಾಗಿದ್ದ ಹಾಗೇ ಟ್ರೇಗೆ ಹಾಕಿ 170 ಡಿಗ್ರಿಯಲ್ಲಿ ಹದಿಮೂರು, ಹದಿನಾಲ್ಕು ನಿಮಿಷ ಬೇಯಿಸಿ. ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಆರಿರುತ್ತದೆ, ಡಬ್ಬಿಗೆ ಹಾಕುವ ಪ್ರಮೇಯವೇ ಬರುವುದಿಲ್ಲ.