800 ನಂಬರ್ ಸಿಗುತ್ತಿಲ್ಲ, ದುಡ್ಡು ಕೊಟ್ಟು ಕೊಳ್ಳೋಣವೇ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಬಾಡಿಗೆ ಅಡುಗೆಮನೆಯಲ್ಲಿ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಅಮೆರಿಕದ ಬೇರೆ ಬೇರೆ ಊರುಗಳಿಗೆ ಪಾರ್ಸೆಲ್ ಕಳಿಸುತ್ತೇವೆ. ಗಿರಾಕಿಗಳಲ್ಲಿ ವಯಸ್ಸಾದವರೇ ಜಾಸ್ತಿ, ಆರ್ಡರ್ ಎಲ್ಲಾ ಫೋನಿನಲ್ಲೇ. ಅದಕ್ಕೆ ಕರೆಯ ಖರ್ಚು ನಮ್ಮದೇ ಆಗುವ 800ರ ಟೋಲ್ ಫ್ರೀ ನಂಬರ್ ಬೇಕು, 800 ಆದ ಮೇಲೆ ಫೋನಿನ ಗುಂಡಿಗಳ ಮೇಲಿರುವ ಇಂಗ್ಲಿಷ್ ಅಕ್ಷರ ಒತ್ತಿದರೆ 'ಚಟ್ನಿ' ಅಂತ ಬರಬೇಕು ಅಂದುಕೊಂಡೆವು. ಫೋನ್ ಕಂಪನಿಯವರು 800ರಲ್ಲಿ ಅದು ಸಿಗಲ್ಲ, ಇನ್ನೊಂದು ಟೋಲ್ ಫ್ರೀ ಸರಣಿ 833ರಲ್ಲಿ ತಗೊಳ್ಳಿ ಅಂದರು. ಎರಡು ದಿನ ಬಿಟ್ಟು ಯಾರೋ ಒಬ್ಬರು ಮೇಲ್ ಕಳಿಸಿ, ಒಳ್ಳೆಯ 800 ನಂಬರ್ ನನ್ನ ಹತ್ತಿರ ಇದೆ, ನಾಲ್ಕು ಸಾವಿರ ಡಾಲರ್ ಕೊಟ್ಟರೆ ನಿಮ್ಮದು ಅಂದಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಅಷ್ಟು ದುಡ್ಡು ಕೊಟ್ಟರೂ ಆ ನಂಬರ್ ನಿಮ್ಮ ಕೈಯಲ್ಲಿ ಉಳಿಯುತ್ತದೆ ಅನ್ನೋ ಖಾತ್ರಿ ಇಲ್ಲ.

ಅಮೆರಿಕದಲ್ಲಿ ಟೋಲ್ ಫ್ರೀ ನಂಬರ್ ಯಾರ ಆಸ್ತಿಯೂ ಅಲ್ಲ. ಬಳಸುವವರೆಗೆ ನಿಮ್ಮದು, ಬಿಟ್ಟರೆ ಎಲ್ಲರದು. ಮಾರುವುದಕ್ಕೆಂದು ನಂಬರ್ ಕೂಡಿಟ್ಟುಕೊಳ್ಳುವುದು, ದುಡ್ಡಿಗೆ ಕೈ ಬದಲಿಸುವುದು ತಪ್ಪು ಎಂದು ಅಲ್ಲಿನ ದೂರಸಂಪರ್ಕ ಆಯೋಗ ಎಫ್‌ಸಿಸಿ 1997ರಲ್ಲೇ ನಿಯಮ ಮಾಡಿದೆ. ಒಂದೇ ಒಂದು ವಿನಾಯಿತಿ ಇದೆ. 833ರ ಸರಣಿಯಲ್ಲಿ ಒಂದೇ ನಂಬರಿಗೆ ಹಲವರು ಕೈ ಚಾಚಿದ್ದ ಸುಮಾರು 17 ಸಾವಿರ ನಂಬರುಗಳನ್ನು 2019ರ ಡಿಸೆಂಬರಿನಲ್ಲಿ ಹರಾಜಿಗಿಟ್ಟರು. ಹರಾಜಿನಲ್ಲಿ ಪಡೆದ ನಂಬರನ್ನು ಮುಂದೆ ಮಾರಬಹುದು. ನಿಮಗೆ ಬಂದಿರುವುದು 800ರ ನಂಬರ್. ಅದು ಈ ವಿನಾಯಿತಿಯೊಳಗೆ ಬರುವುದಿಲ್ಲ. ನಾಳೆ ಅದನ್ನು ವಾಪಸ್ ಕಿತ್ತುಕೊಂಡರೆ ನಾಲ್ಕು ಸಾವಿರದ ಜೊತೆ, ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿದ ಖರ್ಚೂ ಹೋಗುತ್ತದೆ. ಗಿರಾಕಿಗಳು ಬಾಯಿಪಾಠ ಮಾಡಿಕೊಂಡ ನಂಬರಿಗೆ ಇನ್ಯಾರೋ 'ಹಲೋ' ಅನ್ನುತ್ತಾರೆ. ಅದೇ ದೊಡ್ಡ ನಷ್ಟ.

ಹಾಗಾದರೆ 800ಕ್ಕೆ ಯಾಕಿಷ್ಟು ಬರ? ಲೆಕ್ಕ ಸುಲಭ. 800 ಆದಮೇಲೆ ಏಳು ಅಂಕಿ. ಅದರಲ್ಲಿ ಮೊದಲ ಅಂಕಿ 0 ಅಥವಾ 1 ಆಗುವಂತಿಲ್ಲ. ಹಾಗಾಗಿ ಎಷ್ಟು ಎಳೆದರೂ 80 ಲಕ್ಷ ದಾಟುವುದಿಲ್ಲ. 1967ರಲ್ಲಿ ಎಟಿ ಆ್ಯಂಡ್ ಟಿ ಕಂಪನಿ ಈ ಸೇವೆ ಶುರು ಮಾಡಿದಾಗ ಇದು ಮುಗಿಯದ ಕಣಜ ಅನ್ನಿಸಿರಬೇಕು. ಅದಕ್ಕೂ ಮುಂಚೆ ಕರೆಯ ಖರ್ಚು ಅಂಗಡಿಯವರ ಮೇಲೆ ಹಾಕಬೇಕಾದರೆ ಆಪರೇಟರ್‌ಗೆ ಹೇಳಿಯೇ ಮಾತಾಡಬೇಕಿತ್ತು.

1993ರ ಮೇ ತಿಂಗಳಲ್ಲಿ ಆಟವೇ ಬದಲಾಯಿತು. ಅಲ್ಲಿಯವರೆಗೆ ನಂಬರ್ ಕೊಟ್ಟ ಕಂಪನಿಗೇ ನೀವು ಅಂಟಿಕೊಂಡಿರಬೇಕಿತ್ತು. ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳಬಹುದು ಎಂದಾದಾಗ ಪೈಪೋಟಿ ಶುರುವಾಯಿತು, ದರ ಇಳಿಯಿತು. ದೊಡ್ಡ ಕಂಪನಿಗಳು ಮಾತ್ರ ಇಟ್ಟುಕೊಳ್ಳುತ್ತಿದ್ದ ನಂಬರ್ ಪೇಜರ್‌ಗೂ ಬಂತು, ಮನೆಗೂ ಬಂತು. ಕಾಲೇಜಿನಲ್ಲಿ ಓದುವ ಮಗ ಊರಿಂದ ಅಮ್ಮನಿಗೆ ಫೋನ್ ಮಾಡಲಿ ಅಂತಲೂ ಜನ 800 ತಗೊಂಡರು! 1995ರ ಜೂನ್ ಹೊತ್ತಿಗೆ ಕಣಜದ ತಳ ಕಾಣತೊಡಗಿತು. ವಾರಕ್ಕೆ ಇಷ್ಟೇ ಎಂದು ರೇಷನ್ ಮಾಡಬೇಕಾಯಿತು. 1996ರ ಮಾರ್ಚ್ 1ಕ್ಕೆ 888 ತೆರೆದರು. 1998ರಲ್ಲಿ 877, 2000ದಲ್ಲಿ 866. ಆಮೇಲೆ 2010ರಲ್ಲಿ 855, 2013ರಲ್ಲಿ 844, 2017ರಲ್ಲಿ 833. ಒಂದು ಸರಣಿ 29 ವರ್ಷ ಬಂತು, ಅದರ ಮುಂದಿನದು ಎರಡೇ ವರ್ಷ.

ಇವತ್ತಿನ ಬರಗಾಲ ನಂಬರಿನದಲ್ಲ, 800ಕ್ಕಿರುವ ಹೆಸರಿನದು. ಏಳೂ ಸರಣಿಗಳು ಕೆಲಸದಲ್ಲಿ ಒಂದೇ. 833ಕ್ಕೆ ಕರೆ ಮಾಡಿದರೂ ಖರ್ಚು ನಿಮ್ಮದೇ, ಗಿರಾಕಿಯದಲ್ಲ.

800ರಲ್ಲಿ ಹಳೆಯ ನಂಬರುಗಳು ಆಗಾಗ ಬಿಡುಗಡೆ ಆಗುತ್ತವೆ. ಯಾರಾದರೂ ಬಿಟ್ಟ ನಂಬರ್ ಹೆಚ್ಚೆಂದರೆ ನಾಲ್ಕು ತಿಂಗಳು ಸುಮ್ನೆ ಇದ್ದು, ಮತ್ತೆ ರಾಶಿಗೆ ಸೇರುತ್ತದೆ. ಮೊದಲು ಕೇಳಿದವರಿಗೆ ಮೊದಲು. ಒಳ್ಳೆಯ ನಂಬರ್ ಬಿದ್ದ ಕ್ಷಣಕ್ಕೇ ಕಂಪ್ಯೂಟರ್ ಇಟ್ಟು ಹಿಡಿಯುವವರಿದ್ದಾರೆ. ನಿಮ್ಮಂಥವರಿಗೆ ಸಿಗದೇ ಇರುವುದಕ್ಕೆ ಇಂಥವರೂ ಕಾರಣ. ಬಳಸದೆ ಬೀಗ ಹಾಕಿಟ್ಟ ಒಂದೊಂದು ನಂಬರೂ ಒಬ್ಬ ಸಣ್ಣ ವ್ಯಾಪಾರಿಯ ಬಾಗಿಲು ಮುಚ್ಚಿದಂತೆ. ಇದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಅವರಿಗೆ ದುಡ್ಡು ಕೊಟ್ಟರೆ ಆ ಚಟ ಇನ್ನೂ ಬೆಳೆಯುತ್ತದೆ.

ಇನ್ನು 'ಚಟ್ನಿ' ವಿಷಯ. ಇಂಗ್ಲಿಷಿನಲ್ಲಿ ಸಿ, ಎಚ್, ಯು, ಟಿ, ಎನ್, ಇ, ವೈ. ಫೋನಿನ ಮೇಲೆ ಒತ್ತಿ ನೋಡಿ, 248 8639 ಆಗುತ್ತದೆ. ಸರಿಯಾಗಿ ಏಳು ಅಂಕಿ, ಆಸೆ ಆಗುವುದು ಸಹಜ. ಆದರೆ ನಿಮ್ಮ ಗಿರಾಕಿ ಕನ್ನಡದವರು. 'ಚ' ಅಂದ ಕೂಡಲೇ ಅವರ ಬೆರಳು 'ಯು' ಬದಲು 'ಎ' ಮೇಲೆ ಹೋಗುತ್ತದೆ. ಆಗ 8ರ ಜಾಗಕ್ಕೆ 2 ಬರುತ್ತದೆ, ಕರೆ ಇನ್ಯಾರ ಮನೆಗೋ ಹೋಗುತ್ತದೆ. 1990ರ ದಶಕದಲ್ಲಿ ಎಟಿ ಆ್ಯಂಡ್ ಟಿಗೇ ಹೀಗಾಯಿತು. ಅವರು 'ಆಪರೇಟರ್' ಎಂಬ ಪದವನ್ನು 800ರ ನಂಬರಾಗಿ ಭಾರಿ ಜಾಹೀರಾತು ಮಾಡಿದರು. ಆ ಪದದ ಕೊನೆಯ 'ಓ' ಬದಲು ಜನ 'ಇ' ಒತ್ತುತ್ತಾರೆ ಎಂದು ಎದುರಾಳಿ ಎಂಸಿಐಗೆ ಗೊತ್ತಿತ್ತು. ತಪ್ಪು ಕಾಗುಣಿತದ ನಂಬರ್ ಅವರ ಕೈಯಲ್ಲಿತ್ತು. ಕಾಗುಣಿತ ತಪ್ಪಿದವರ ಕರೆಗಳೆಲ್ಲಾ ಅವರಿಗೇ ಹೋದವು. ಅಷ್ಟು ದೊಡ್ಡ ಕಂಪನಿಯೇ ಕೊನೆಗೆ ನಂಬರ್ ಬದಲಿಸಬೇಕಾಯಿತು.

ವಯಸ್ಸಾದವರಿಗೆ ಕೀಪ್ಯಾಡಿನ ಆ ಸಣ್ಣ ಅಕ್ಷರ ಹುಡುಕುವುದೇ ಕಷ್ಟ, ಅಲ್ವಾ? ಪದ ಬಿಡಿ. 833ರಲ್ಲಿ ಅಂಕಿ ಮರುಕಳಿಸುವ, ಹೇಳಲು ಸುಲಭವಾದ ನಂಬರ್ ಆರಿಸಿ. ಒಪ್ಪಿಕೊಳ್ಳುವ ಮುಂಚೆ ಅದೇ ಏಳು ಅಂಕಿಯನ್ನು 800 ಹಾಕಿ, ಆಮೇಲೆ 888 ಹಾಕಿ ಕರೆ ಮಾಡಿ ನೋಡಿ. ಆ ಕಡೆ ದೊಡ್ಡ ಬ್ಯಾಂಕೋ ಆಸ್ಪತ್ರೆಯೋ ಇದ್ದರೆ ಆ ನಂಬರ್ ಬೇಡ. ಅವರ ಜನ ನಿಮಗೆ ಮಾಡುತ್ತಾರೆ, ನಿಮ್ಮವರು ಅವರಿಗೆ ಮಾಡುತ್ತಾರೆ. ತಪ್ಪಿ ಬಂದ ಕರೆಗೂ ನಿಮಿಷದ ಲೆಕ್ಕದಲ್ಲಿ ನೀವೇ ದುಡ್ಡು ಕಟ್ಟಬೇಕು ಅನ್ನೋದು ನೆನಪಿರಲಿ. ಹಿಂದಿನ ಮಾಲೀಕರ ಗಿರಾಕಿಗಳೂ ಮೊದಮೊದಲು ಕರೆ ಮಾಡಬಹುದು, ಹಾಗಾಗಿ ಮೊದಲ ತಿಂಗಳ ಬಿಲ್ ಕಣ್ಣಿಟ್ಟು ನೋಡಿ. ನಂಬರ್ ನಿಮ್ಮ ಹೆಸರಿನಲ್ಲೇ ದಾಖಲಾಗಿದೆಯೇ ಎಂದು ಕೇಳಿ. ಫೋನ್ ಕಂಪನಿಯ ಹೆಸರಿನಲ್ಲಿದ್ದರೆ ಮುಂದೆ ಬೇರೆ ಕಡೆ ಒಯ್ಯುವಾಗ ಜಗಳ ಆಗುತ್ತದೆ. ಟೊರಾಂಟೊ ಕಡೆ ಗಿರಾಕಿಗಳಿದ್ದರೆ ಕೆನಡಾದ ಕರೆಯೂ ಬರುವಂತೆ ಹೇಳಿ ಮಾಡಿಸಿ.

ಜೊತೆಗೆ ನಿಮ್ಮ ಊರಿನ 732ರ ಮಾಮೂಲಿ ನಂಬರನ್ನೂ ಪ್ಯಾಕೆಟ್ ಮೇಲೆ ಹಾಕಿ. ಈಗ ಅಮೆರಿಕದ ಹೆಚ್ಚಿನ ಮೊಬೈಲ್ ಪ್ಲಾನುಗಳಲ್ಲಿ ಒಳದೇಶದ ಕರೆಗೆ ಬೇರೆ ದುಡ್ಡಿಲ್ಲ. ಚಟ್ನಿಪುಡಿಗೆ ಫೋನ್ ಮಾಡುವ ಅಜ್ಜಿಗೆ ಎಡಿಸನ್ನಿನ ನಂಬರ್ ನೋಡಿದರೆ 'ನಮ್ಮವರೇ' ಅನ್ನಿಸುವುದೂ ಇದೆ.

ಪ್ರಶ್ನೆ: ಮೈಸೂರಿನಲ್ಲಿ ಹೋಂಸ್ಟೇ ನಡೆಸುತ್ತೇವೆ. 1800 425ರಿಂದ ಶುರುವಾಗುವ ಟೋಲ್ ಫ್ರೀ ನಂಬರ್ ಇದೆ. ಅಮೆರಿಕದ ಕನ್ನಡಿಗರು ಅದಕ್ಕೆ ಮಾಡಿದರೆ ಯಾರೋ ಬೇರೆಯವರು ಇಂಗ್ಲಿಷಿನಲ್ಲಿ ಮಾತಾಡುತ್ತಾರಂತೆ. ನಂಬರ್ ಕದ್ದಿದ್ದಾರೆಯೇ?

ಉತ್ತರ: ಯಾರೂ ಕದ್ದಿಲ್ಲ. ನಿಮ್ಮ ನಂಬರಿನಲ್ಲಿ 1800 ಒಂದೇ ಗುಂಪು, ಆಮೇಲೆ ಏಳು ಅಂಕಿ. ಅಮೆರಿಕದಲ್ಲಿ 1 ಬೇರೆ, 800 ಬೇರೆ, ಆಮೇಲೆ ಏಳು ಅಂಕಿ. ಎರಡೂ ಕಡೆ ಒಟ್ಟು ಹನ್ನೊಂದೇ. ಹಾಗಾಗಿ ನಿಮ್ಮ ನಂಬರನ್ನು ಅಲ್ಲಿ ಒತ್ತಿದರೆ ಅದು ಅಮೆರಿಕದ್ದೇ ಒಂದು 800 ನಂಬರ್ ಆಗಿಬಿಡುತ್ತದೆ. ಕರೆ ಎತ್ತುವವರು ಅಲ್ಲಿಯ ಯಾರೋ, ಅದರ ದುಡ್ಡು ಕಟ್ಟುವವರೂ ಅವರೇ. ನಮ್ಮ ರಾಜ್ಯದ ಎಷ್ಟೋ ಸರ್ಕಾರಿ ಸಹಾಯವಾಣಿಗಳೂ 1800 425ರಲ್ಲೇ ಇವೆ, ಅವಕ್ಕೂ ಇದೇ ಪಾಡು. ನಿಮ್ಮವರೇ ಎತ್ತಿದ್ದಾರೆ ಅಂದುಕೊಂಡು ಅತಿಥಿಗಳು ಕಾರ್ಡ್ ನಂಬರ್ ಹೇಳಿಬಿಟ್ಟರೆ ಕಷ್ಟ.

ಮುಂದೆ +91 ಸೇರಿಸಿದರೂ 1800 ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ದೇಶಗಳ ಗಡಿ ದಾಟುವ ಟೋಲ್ ಫ್ರೀ ನಂಬರ್ ಬೇರೆಯೇ ಇದೆ, +800 ಆದ ಮೇಲೆ ಎಂಟು ಅಂಕಿ. ಅದನ್ನು ಒಂದೊಂದು ದೇಶದ ಫೋನ್ ಕಂಪನಿಯ ಜೊತೆಗೂ ಹೊಂದಿಸಬೇಕು. ಒಂದು ಹೋಂಸ್ಟೇಗೆ ಅಷ್ಟು ಖರ್ಚು ಯಾಕೆ? 1800ರ ಪಕ್ಕದಲ್ಲೇ 'ಭಾರತದೊಳಗೆ ಮಾತ್ರ' ಎಂದು ಬರೆಸಿ. ಅದರ ಕೆಳಗೆ ನಿಮ್ಮ ಸ್ಥಿರ ದೂರವಾಣಿಯನ್ನು 0821 ಎಂದು ಬರೆಯದೆ, ಸೊನ್ನೆ ತೆಗೆದು +91 821 ಎಂದು ಹಾಕಿಸಿ.